ಅತ್ತೆಯ ಕೊರಳಿನ ಗಡಿಯಾರ

ಚಿನ್ನದ ಗಡಿಯಾರವನ್ನು ಪದಕದಂತೆ ಕೊರಳಿಗೆ ಹಾಕಿಕೊಂಡು ಮೆರೆಯುವ ನನ್ನ ಅತ್ತೆಗೆ,

ನಿನ್ನ ಗಡಿಯಾರ ಮತ್ತೆ ನಡೆಯುತ್ತಿದೆ. ಅದನ್ನು ನನ್ನ ಅಂಗಡಿಗೆ ತಂದ ದಿನ ನಿನ್ನ ಮಗ ಏನಂದ ಗೊತ್ತೇ? "ಒಳಗಿರೋದನ್ನೆಲ್ಲ ಕಿತ್ತು ಬ್ಯಾಟರಿ ಮಷೀನ್ ಕೂರಿಸಿಬಿಡೋ. ಲಕ್ವ ಹೊಡೆದು ಅಮ್ಮನ ಎಡಗೈ ಬಿದ್ದೋಗಿದೆ, ಇನ್ನು ಕೀ ಕೊಡೋದೆಲ್ಲ ಅವಳ ಕೈಲಾಗುತ್ತಾ?" ಪಾಪ, ನಿನ್ನ ಮೇಲಿನ ಅಕ್ಕರೆಗೇ ಅಂದದ್ದು. ಆದರೂ ನನಗೆ ಮೈ ಉರಿಯಿತು. ಫೋನ್ ಮಾಡಿ ನಿನ್ನನ್ನೇ ಕೇಳಿದೆ. "ಬ್ಯಾಟರಿ ಹಾಕಿದ್ರೆ ಅದಕ್ಕೆ ನಾನ್ಯಾಕೋ ಬೇಕು? ಈ ಮನೇಲಿ ನನಗಾಗಿ ಕಾಯೋದು ಅದೊಂದೇ ಕಣೋ" ಎಂದೆ ನೀನು.

ಹಿಂದಿನ ಮುಚ್ಚಳ ತೆಗೆದವನು ನೋಡುತ್ತ ಕೂತುಬಿಟ್ಟೆ. ಕೀ ಕೊಡಲು ಬೇರೆ ಕೀಲಿಕೈ ಬೇಕಿದ್ದ ಕಾಲ ಆಗತಾನೆ ಮುಗಿಯುತ್ತಿದ್ದಾಗಿನ ಮಾಲು. ತಲೆಯ ಮೇಲಿನ ತಿರುಪನ್ನು ಎರಡು ಬೆರಳಲ್ಲಿ ತಿರುಗಿಸಿದರೆ ಸಾಕು, ಪುಟಾಣಿ ಚಕ್ರಗಳು ಒಂದನ್ನೊಂದು ಕಚ್ಚಿಕೊಂಡು ಸ್ಪ್ರಿಂಗ್ ಸುತ್ತುತ್ತವೆ. ಹಿಂದಕ್ಕೆ ತಿರುಗಿಸಿದರೆ ಸುಮ್ಮನೆ ಜಾರಿಕೊಳ್ಳುತ್ತವೆ. ಅಬ್ಬಾ, ಅದೆಂಥ ಕೈಚಳಕ! ಸವೆದುಹೋಗಿದ್ದ ಒಂದು ಚಕ್ರವನ್ನು ನಾನೇ ಹೊಸದಾಗಿ ಕೊರೆದೆ. ಈ ಗಡಿಯಾರ ಮಾಡಿದ ಪುಣ್ಯಾತ್ಮನಿಗೆ ಬೈಯುತ್ತಲೇ ಕೈಮುಗಿದೆ.

ಕೀ ಕೊಡಲು ಒಂದೇ ಕೈ ಸಾಕು, ಸರಿ. ಆದರೆ ಮುಳ್ಳು ಸರಿಪಡಿಸಲು? ತಿರುಪಿನ ಪಕ್ಕದ ಚಿಕ್ಕ ಗುಂಡಿಯನ್ನು ಒಂದು ಕೈಯ ಉಗುರಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಿರುಪು ತಿರುಗಿಸಬೇಕು. ನಿನ್ನ ಕೈ ಬಿದ್ದ ಮೇಲೂ, ಕೆಟ್ಟು ನಿಲ್ಲುವ ತನಕ ಅದು ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತಂತೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟಿಲ್ಲವಂತೆ. ಮತ್ತೆ ಹೇಗೆ ಎಂದು ತಲೆ ಕೆರೆದುಕೊಂಡೆ.

ಭೂತಗನ್ನಡಿ ಹಿಡಿದಾಗ ಗುಂಡಿಯ ಸುತ್ತ ಮೆತ್ತನೆಯ ಚಿನ್ನದ ಮೇಲೆ ಸಣ್ಣ ಸಣ್ಣ ತಗ್ಗು ಕಂಡವು. ಹಲ್ಲಿನ ಗುರುತು! ಅತ್ತೆ, ಗುಂಡಿಯನ್ನು ಹಲ್ಲಲ್ಲಿ ಒತ್ತಿ ಹಿಡಿದು ಮುಳ್ಳು ತಿರುಗಿಸುತ್ತಿದ್ದೆಯಾ? ಕನ್ನಡಿ ನೋಡಿಕೊಂಡೋ, ಬರೀ ಅಂದಾಜಿನ ಮೇಲೋ? ಎಂಥ ಗಟ್ಟಿಗಿತ್ತಿಯೇ ನೀನು! ಅಂಗಡಿಯಲ್ಲಿ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುತ್ತ ನಗುತ್ತ ಅಳು ಬಂತು. ಇಷ್ಟು ವರ್ಷ ನಾನು ಕಂಡ ಗಡಿಯಾರದವರಲ್ಲಿ ಯಾರಿಗೂ ಹೊಳೆಯದ ಉಪಾಯ ಇದು.

ಬ್ಯಾಟರಿ ಹಾಕಿಲ್ಲ. ಗುಂಡಿಯನ್ನು ಕೂದಲೆಳೆಯಷ್ಟು ಉದ್ದ ಮಾಡಿ, ಹಲ್ಲಿಗೆ ನೋಯದ ಹಾಗೆ ಅದರ ತುದಿಯನ್ನು ನುಣುಪು ಮಾಡಿದ್ದೇನೆ. ನಿನ್ನ ಮಗ ಕೇಳಿದರೆ, ಹಳೇ ಕಾಲದವು ಹಾಗೇ ಇರ್ತವೆ ಅಂದುಬಿಡು.

ನಿನ್ನ ಬಲಗೈಗೂ, ಬಾಯಲ್ಲಿ ಉಳಿದಿರುವ ಅಷ್ಟೂ ಹಲ್ಲಿಗೂ ನೂರು ವರ್ಷ ಆಯುಸ್ಸಿರಲಿ.

ಇಂತಿ ನಿನ್ನ ಅಣ್ಣನ ಮಗ,
ಗಡಿಯಾರದವನು