ಇರುವೆಯ ಸಾಕ್ಷಿ

ಬೈಲಹೊಂಗಲ
೧೯ ಫೆಬ್ರುವರಿ ೨೦೨೫

ಚಿ. ಸೌ. ಸ್ನೇಹಲ್‌ಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ನನ್ನ ಫೋನು ಎತ್ತುತ್ತಿಲ್ಲ. ಎತ್ತಬೇಕಾದ ಕಾರಣ ನನಗೂ ಕಾಣುವುದಿಲ್ಲ. ಅದಕ್ಕೇ ಈ ಕಾಗದ. ನಾಲ್ಕು ದಿನ ತಡವಾಯಿತು, ಕ್ಷಮಿಸು. ಕಲ್ಮೇಶ ಇದನ್ನು ಸುರೇಬಾನಕ್ಕೆ, ನಿನ್ನ ತವರಿಗೆ ತರುತ್ತಾನೆ. ನಿನ್ನ ಗಂಡ ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಮೊದಲು ಮುಖ್ಯ ಮಾತು. ರೇಣುವನ್ನು ಇವತ್ತೇ ಮತ್ತೆ ಎದೆಗೆ ಹಾಕಿಕೋ. ನಿನ್ನ ಹಾಲಿಗೆ ಏನೂ ಆಗಿಲ್ಲ.

ನೀನು ಅವಸರದಲ್ಲಿ ಬಿಟ್ಟುಹೋದ ತಾಯಿ ಕಾರ್ಡು ಹಿಡಿದುಕೊಂಡು ನಿನ್ನೆ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಕುಡಿದ ಮೇಲೆ ಕಕ್ಕುವುದು, ಕುಡಿಯುತ್ತಲೇ ಚೀರಿ ಬೆನ್ನು ಸೆಟೆಸುವುದು, ಮಲಗಿಸಿದರೆ ಹೆಚ್ಚಾಗಿ ಎತ್ತಿಕೊಂಡರೆ ಇಳಿಯುವುದು, ಎಲ್ಲ ಹೇಳಿದೆ. ಇರುವೆಯ ಕತೆಯನ್ನೂ ಹೇಳಿದೆ: ನನ್ನ ಅತ್ತೆ ಸೋಮವ್ವ ನಿನ್ನ ಹಾಲನ್ನು ಕಂಚಿನ ವಾಟಗದಲ್ಲಿ ಹಿಂಡಿಸಿಕೊಂಡು, ಕಟ್ಟೆಯ ಮೇಲಿನ ಇರುವೆಯೊಂದನ್ನು ಹಿಡಿದು ಅದರಲ್ಲಿ ಬಿಟ್ಟು, ಅದು ಸತ್ತ ಕೂಡಲೇ "ಹಾಲ ವಿಷ ಆಗೈತಿ. ಇರುವಿ ಸುಳ್ಳ ಹೇಳೂದಿಲ್ಲ" ಎಂದು ತೀರ್ಪು ಕೊಟ್ಟದ್ದು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಲಾಗ ಒಗದ್ರ ಇರುವಿ ಸಾಯದ ಮತ್ತೇನ ಈಜತೈತೇನ್ರಿ? ನೀರಾಗ ಒಗೀರಿ, ಅಲ್ಲೂ ಸಾಯತೈತಿ. ನಾಳಿಂದ ನೀರ ಕುಡ್ಯೂದು ಬಿಡ್ತೀರೇನು?"

ಇಷ್ಟು ಸರಳ ಪ್ರಶ್ನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಯಾರಿಗೂ ಹೊಳೆಯಲಿಲ್ಲ.

ಕೂಸಿನ ಜಠರದ ಮೇಲ್ತುದಿಯ ಬಾಯಿ ಇನ್ನೂ ಬಿಗಿಯಾಗಿಲ್ಲ; ಹಾಲು ಹುಳಿಯೊಡನೆ ಹಿಂದಕ್ಕೆ ಬಂದು ಗಂಟಲು ಉರಿಯುತ್ತಿರಬೇಕು ಎಂದರು. ಹೆಚ್ಚಿನ ಕೂಸುಗಳಿಗೆ ವರ್ಷ ತುಂಬುವ ಹೊತ್ತಿಗೆ ತಾನೇ ನಿಲ್ಲುತ್ತದಂತೆ. ಕಾರ್ಡಿನಲ್ಲಿ ತೂಕ ಸರಿಯಾಗಿ ಏರಿದೆ. ಆದರೂ ಕೂಸನ್ನು ನೋಡದೆ ಖಚಿತವಾಗಿ ಹೇಳಲಾರರು. ಈ ವಾರವೇ ತೋರಿಸು, ಇಲ್ಲಿ ಬೇಡವೆಂದರೆ ರಾಮದುರ್ಗದಲ್ಲಿ. ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವೇ ಕುಡಿಸು, ನಡುವೆ ತೇಗಿಸು, ಕುಡಿದ ಮೇಲೆ ಅರ್ಧ ತಾಸು ಹೆಗಲಿಗೆ ನೆಟ್ಟಗೆ ಹಾಕಿಕೊಂಡಿರು. ಮಲಗಿಸುವುದು ಅಂಗಾತವೇ, ಬೋರಲು ಬೇಡ. ವಾಂತಿ ಹಸಿರಾದರೆ, ರಕ್ತ ಕಂಡರೆ, ಕೂಸು ಕುಡಿಯದಿದ್ದರೆ ಒಂದು ಗಳಿಗೆಯೂ ಕಾಯಬೇಡ.

ಔಷಧ ನಾವಾಗಿ ಕೊಡಬಾರದು. ಇದನ್ನು ಬರೆಯಲು ಕಾರಣ ನಿನ್ನ ಗಂಡ. ಮೊಬೈಲಿನಲ್ಲಿ ಏನೋ ಓದಿ, "ನಂದ ಅಸಿಡಿಟಿ ಗುಳಿಗಿ ಅರ್ಧಾ ಮಾಡಿ ಕೊಡೂನೇನವ್ವಾ?" ಎಂದು ಕೇಳಿದ.

"ಅದು ನಿನ್ನ ಮಿರ್ಚಿ ಭಜಿಗೆ ಐತಿ. ಕೂಸು ಯಾವಾಗ ತಿಂದೈತಿ ಭಜಿ?" ಎಂದೆ.

ಡಬ್ಬಿಯ ಹಾಲಿಗೂ ರೇಣು ಕಕ್ಕುತ್ತಿದ್ದಾಳೆಂದು ನಿನ್ನ ಅಣ್ಣ ಹೇಳಿದ. ಸೋಮವ್ವನಿಗೆ ತಿಳಿಸಿದೆ. "ತಾಯಿ ಹಾಲಿನ ವಿಷ ಇನ್ನೂ ಒಳಗ ಉಳದೈತಿ" ಎಂದರು. ಅವರನ್ನು ಸೋಲಿಸುವ ಸಾಕ್ಷಿ ಭೂಮಿಯ ಮೇಲಿಲ್ಲ.

ಅವತ್ತು ನೀನು "ನೀವರೆ ಹೇಳ್ರಿ ಅತ್ತಿ" ಎಂದು ನನ್ನ ಕಡೆ ನೋಡಿದೆ. ದೇಶದೇಶದ ಕಾದಂಬರಿಗಳನ್ನು ಕನ್ನಡದಲ್ಲಿ ಓದಿದ ಹೆಂಗಸು, ಒಂದು ಮಾತಾದರೂ ಆಡುತ್ತಾಳೆ ಎಂದುಕೊಂಡಿರಬೇಕು. ಆ ಹೆಂಗಸು ಕನ್ನಡಕ ಒರೆಸಿಕೊಂಡಳು. ಅಷ್ಟು ಪುಸ್ತಕಗಳ ಫಲ ಅದು.

ನಾಲ್ಕು ದಿನಕ್ಕೆ ಹಾಲು ಬತ್ತಿರುವುದಿಲ್ಲ. ಕಡಿಮೆಯಾಗಿದ್ದರೂ ಕೂಸು ಚೀಪಿದಷ್ಟು ಏರುತ್ತದಂತೆ. ಇನ್ನು ತಡಮಾಡಬೇಡ. ಈ ಮನೆಗೆ ಬರುವುದು ಬಿಡುವುದು ಆಮೇಲಿನ ಮಾತು.

ರೇಣುವಿನ ಹೊಟ್ಟೆ ತಣ್ಣಗಿರಲಿ. ನಿನ್ನ ಎದೆ ತುಂಬಿರಲಿ.

ನಿನ್ನ ಅತ್ತೆ
ರಾಜೇಶ್ವರಿ

ತಾ. ಕ.: ಕಲ್ಮೇಶನೂ ಹೀಗೇ ಕಕ್ಕುತ್ತಿದ್ದ. ಅದೇ ಸೋಮವ್ವ, ಅದೇ ವಾಟಗ. ನನ್ನ ಇರುವೆಯೂ ಸತ್ತಿತು. ಇಪ್ಪತ್ತು ದಿನ ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಲು ಹಿಂಡಿ ಬತ್ತಿಸಿಕೊಂಡೆ. ಅವತ್ತು ಕನ್ನಡಕ ಒರೆಸಿಕೊಂಡದ್ದು ವಾಟಗ ಸರಿಯಾಗಿ ಕಾಣಲೆಂದು. ನಿನ್ನ ಇರುವೆ ಬದುಕಿದ್ದರೆ ವಿಷವಾಗಿದ್ದದ್ದು ನನ್ನ ಹಾಲೊಂದೇ ಎಂದಾಗುತ್ತಿತ್ತು. ಅದು ಸಾಯಲಿ ಎಂದು ಕಾಯುತ್ತಿದ್ದೆ.