ಊರಿನ ಮುಂದಿನ ಪ್ಲಸ್

ಮಂಗಳವಾರ, 7 ಫೆಬ್ರುವರಿ 2006
ಇವತ್ತು ನಲವತ್ತು ರಕ್ತದಾನಿಗಳ ಹೆಸರು ಟೈಪ್ ಮಾಡಿದೆ. ಹುಕ್ಕೇರಿ ತಾಲ್ಲೂಕು ಮುಗಿಯಿತು. ಹುಡುಕುವ ಪ್ರೋಗ್ರಾಂ ಹಾಕಿಕೊಡಲು ಗೋಕಾಕದ ಕಂಪ್ಯೂಟರ್ ಕ್ಲಾಸಿನ ತೇಜಸ ಘಟಪ್ರಭಾದ ನಮ್ಮ ರಕ್ತದಾನಿಗಳ ಸಂಘದ ಆಫೀಸಿಗೆ ಬಂದಿದ್ದ. ಹುಡುಕುವುದು ಹೇಗೆಂದು ಹೇಳಿಕೊಟ್ಟ: ಪದದ ಮುಂದೆ ಪ್ಲಸ್ ಹಾಕಿದರೆ ಅದು ಬೇಕೇ ಬೇಕು. ಮೈನಸ್ ಅಂದರೆ ಬೇಡವೇ ಬೇಡ. ಏನೂ ಹಾಕದಿದ್ದರೆ — ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.
"ನಮ್ಮವ್ವ ನನಗ ವರಾ ಹುಡುಕಿದಂಗ," ಅಂದೆ. "ಜೈನ — ಪ್ಲಸ್. ಕುಡಿಯಾವ — ಮೈನಸ್. ಬೆಳಗಾವ್ಯಾಗ ಸ್ವಂತ ಮನಿ — ಇದ್ರ ಚಲೋ."
"ಹಂಗಾರ ಭಕ್ತಿ ಅಕ್ಕಾ, ಕಲಿಸಾಕ ನಿಮ್ಮವ್ವನ್ನ ಕರೀಬೇಕಿತ್ತು!"

ಗುರುವಾರ, 9. ಬೆಳಿಗ್ಗೆ 10.20
ಆಸ್ಪತ್ರೆಯಿಂದ ಫೋನ್. ದೀಪಾ, ಚೊಚ್ಚಲ ಹೆರಿಗೆ, ಆಪರೇಷನ್. ಸಂಜೆಯೊಳಗೆ ಓ ನೆಗೆಟಿವ್ ಬೇಕು. ಅವಳ ತಾಯಿ ಶೆಟ್ಟೆವ್ವ ಓಡಿಬಂದು ನನ್ನೆದುರೇ ಕುಳಿತಿದ್ದಾಳೆ.
ಓ ನೆಗೆಟಿವ್ — ಪ್ಲಸ್. ಊರು ಘಟಪ್ರಭಾ — ಪ್ಲಸ್. ಮೂರು ತಿಂಗಳೊಳಗೆ ಕೊಟ್ಟವರು — ಮೈನಸ್.
ಸಿಕ್ಕವರು: ಸೊನ್ನೆ.
"ಯಾರೂ ಇಲ್ಲೇನ ತಂಗಿ?"

10.35
ಮೈನಸ್ ತೆಗೆಯಲು ಕೈ ಹೋಯಿತು. ತಡೆದೆ. ಮೊನ್ನೆ ಕೊಟ್ಟವರನ್ನು ಮತ್ತೆ ಕರೆಯುವಂತಿಲ್ಲ. ಆಗ ಹೊಳೆಯಿತು... ಊರಿನ ಮುಂದೆ ಪ್ಲಸ್ ಹಾಕಿದವಳು ನಾನೇ! ಹತ್ತಿರದವರು ಸಿಗಲಿ ಅಂತ ದೂರದವರನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸಿದ್ದೆ. ತೆಗೆದೆ. ಒಂದೇ ಹೆಸರು. ಉದ್ದಪ್ಪ, ಊರು ದಡ್ಡಿ. ಫೋನ್ ಬಾಜೂಮನೆಯದು.
ಎತ್ತಿದವಳು ಆ ಮನೆಯ ಸಾತವ್ವ. ವಿಷಯ ಹೇಳಿದೆ. "ಕುರಿ ಹೊಡ್ಕೊಂಡ ಹೊಳಿ ಕಡೆ ಹೋಗ್ಯಾರ್ರಿ. ಫೋನ್ ಇಡ್ರಿ, ನಾನ ಓಡ್ತೇನಿ."
ನಾನು ಇನ್ನೊಂದು ಮಾತಾಡುವ ಮೊದಲೇ ಇಟ್ಟಳು.

ಮಧ್ಯಾಹ್ನ 3.00
ಉದ್ದಪ್ಪ ಬಂದರು! ಹೆಗಲ ಮೇಲೆ ಕಂಬಳಿ. ಟೆಂಪೋ, ಬಸ್ಸು, ಮತ್ತೆ ಟೆಂಪೋ. ನೀರು ಕೊಟ್ಟರೆ ಕುಡಿಯದೆ ಕೇಳಿದರು:
"ಯಾವ ಕೈಯಾಗ ತಗೋತೀರಿ? ಬಲಗೈ ಬ್ಯಾಡ್ರಿ. ನಾಳೆ ಕುರಿ ಉಣ್ಣೆ ಕತ್ತರಸೋದೈತಿ."
ಶೆಟ್ಟೆವ್ವ ಎದ್ದು ಅವರ ಎರಡೂ ಕೈ ಹಿಡಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ, ಯಪ್ಪಾ."

ರವಿವಾರ, 12
ಹೆಣ್ಣು ಕೂಸು. ಇಬ್ಬರೂ ಆರಾಮ. ಆಸ್ಪತ್ರೆಗೆ ಹೋಗಿ ನೋಡಿದೆ — ನನ್ನ ಬೆರಳು ಹಿಡಿದು ಬಿಡಲೇ ಇಲ್ಲ! ವಾಪಸು ಬಂದು ಉದ್ದಪ್ಪನವರ ಹೆಸರಿನ ಮುಂದೆ ಗುರುವಾರದ ತಾರೀಖು ಹಾಕಿದೆ. ಇನ್ನು ಮೂರು ತಿಂಗಳು ಅವರನ್ನು ಕರೆಯುವಂತಿಲ್ಲ. ಅಷ್ಟರಲ್ಲಿ ಇನ್ನೊಬ್ಬರಿಗೆ ಬೇಕಾದರೆ? ನಿದ್ದೆ ಹತ್ತುವುದಿಲ್ಲ ಇವತ್ತು.

ಬುಧವಾರ, 15. ಬೆಳಿಗ್ಗೆ 11.00
ಹೊರಗೆ ಟೆಂಪೋ ನಿಂತಿತು. ಇಳಿದವರು ಉದ್ದಪ್ಪ! ಹಿಂದೆ ಮೂವರು ತಮ್ಮಂದಿರು, ಅಕ್ಕ, ಅವಳ ಮಕ್ಕಳು... ಒಟ್ಟು ಒಂಬತ್ತು ಮಂದಿ.
"ಒಡಹುಟ್ಟಿದವರದೂ ಇದ ರಕ್ತ ಇರಬಹುದು ಅಂತ ಡಾಕ್ಟರ್ ಅಂದಾರ್ರಿ. ಎಲ್ಲಾರ್ನೂ ಕರ್ಕೊಂಡ ಬಂದೇನಿ. ಬರಕೋರ್ರಿ."
ಕುರ್ಚಿ ಮೂರೇ ಇವೆ. ಅವರ ಅಕ್ಕ ಆಗಲೇ ಕುಪ್ಪಸದ ತೋಳು ಮೇಲೇರಿಸಿ ನಿಂತಿದ್ದಾಳೆ. ಹೆಸರು ಬರೆದುಕೊಳ್ಳಬೇಕು, ಮೊದಲು ಅಕ್ಕನದು —