ಉಬ್ಬಿದ ಕೆನ್ನೆ

ಗಾದಿಗನೂರು
೧೩ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಹೇಮಾ,

ನಾನೂ ಅವ್ವನೂ ಇಲ್ಲಿ ಚೆನ್ನಾಗಿದ್ದೇವೆ. ನೀನು, ಅಂಜಲಿ, ಮಾವನವರು ಕ್ಷೇಮವೆಂದು ಫೋನಿನಲ್ಲಿ ಕೇಳಿ ಗೊತ್ತೇ ಇದೆ. ಆದರೂ ಕಾಗದ ಎಂದ ಮೇಲೆ ಕೇಳಬೇಕು, ಕೇಳಿದ್ದೇನೆ. ಜೂನ್‌ನಲ್ಲಿ ಅಂಜಲಿಯನ್ನು ಕಂಪ್ಲಿಯ ಶಾಲೆಗೇ ಸೇರಿಸಿಬಿಡಲಾ ಎಂದು ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ. ಫೋನಿನಲ್ಲಿ ನಾನು ‘ನೋಡೋಣ’ ಅನ್ನುತ್ತೇನೆ, ನೀನು ‘ಇನ್ನೂ ಏನು ನೋಡ್ತೀರಿ’ ಅನ್ನುತ್ತೀಯ, ಅಲ್ಲಿಗೆ ಜಗಳ ಶುರು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಗಬೇಡ, ಪೂರ್ತಿ ಓದು.

ಕೂತಲ್ಲಿ ಕೂರಲಾಗುತ್ತಿಲ್ಲ ಹೇಮಾ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ರಸ್ತೆ ಕಡೆಯ ಕಿಟಕಿ ಮುಚ್ಚಿದೆ, ಹಿತ್ತಲ ಕಡೆಯದನ್ನು ತೆರೆದೆ, ಸರಳಿನ ಮೇಲೆ ಬೆರಳು ಎಳೆದು ಕೆಂಪು ಧೂಳು ಹತ್ತಿತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿದೆ. ಅವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. “ಏನಲೇ ಪಂಪಾ, ಹೆಣ್ಣು ನೋಡಾಕ ಬಂದ ಬೀಗ್ರಂಗ ಮನಿ ತುಂಬ ಬೆರಳಿಟ್ಟು ನೋಡ್ಕಂತ ಅಡ್ಡಾಡ್ತೀಯಲ್ಲ. ಕುಂದ್ರು ಒಂದ್ಕಡಿ,” ಅಂದಳು. ಮತ್ತೆ ಬಂದು ಕೂತಿದ್ದೇನೆ.

ಮನೆಯ ಸುದ್ದಿ ಮೊದಲು ಹೇಳುತ್ತೇನೆ. ಹೊಸಪೇಟೆಯ ಡಾಕ್ಟರಮ್ಮ ಹೇಳಿದ್ದು ಒಂದೂ ಬಿಟ್ಟಿಲ್ಲ. ಅಂಜಲಿಗೆ ಉಬ್ಬಸ ಎಂದು ಗೊತ್ತಾದಾಗ ನಾವು ಏನು ಮಾಡಿದ್ದೆವು, ನೆನಪಿದೆಯಲ್ಲ? ಲಾರಿಗಳ ಧೂಳು ಒಳಗೆ ಬರಬಾರದೆಂದು ಎಲ್ಲ ಕಿಟಕಿಗಳಿಗೂ ಪ್ಲಾಸ್ಟಿಕ್ ಹಾಳೆ ಹೊಡೆದು, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಮನೆಯನ್ನು ಡಬ್ಬಿ ಮಾಡಿ ಕೂತಿದ್ದೆವು. ಒಳಗೆ ಅವ್ವನ ನೀರೊಲೆ ಉರಿಯುತ್ತಿತ್ತು, ಮಂಚದ ಕೆಳಗೆ ಸೊಳ್ಳೆ ಬತ್ತಿ ಸುಡುತ್ತಿತ್ತು, ಮಂಗಳವಾರ ಶುಕ್ರವಾರ ಲೋಬಾನ ಬೇರೆ. ಕೂಸು ಹೆಚ್ಚು ಕೆಮ್ಮಿದಷ್ಟೂ ದೃಷ್ಟಿಯಾಗಿದೆ ಎಂದು ಅವ್ವ ಹೆಚ್ಚು ಹೊಗೆ ಹಾಕುತ್ತಿದ್ದಳು. ಡಾಕ್ಟರಮ್ಮ ಕೇಳಿದ್ದು ಇನ್ನೂ ಕಿವಿಯಲ್ಲಿದೆ: “ಹೊರಗಿನ ಧೂಳು ಬರಬಾರ್ದಂತ ಎಲ್ಲಾ ಮುಚ್ಚಿದ್ರಿ, ಖರೆ. ಒಳಗಿನ ಹೊಗಿ ಎಲ್ಲಿಗಿ ಹೋಗಬೇಕ್ರಿ? ಕೂಸಿನ ಎದಿಗೇ ಹೋಗಬೇಕಲ್ಲ?”

ನೀನು ಅವಳನ್ನು ಕರೆದುಕೊಂಡು ತವರಿಗೆ ಹೋದ ಮೇಲೆ ಮನೆ ಹೇಗಾಗಿದೆ, ಈಗ ಬಂದು ನೋಡು. ಪ್ಲಾಸ್ಟಿಕ್ ಕಿತ್ತೆಸೆದಿದ್ದೇನೆ. ಹಿತ್ತಲ ಕಡೆಯ ಕಿಟಕಿ ದಿನವಿಡೀ ತೆರೆದಿರುತ್ತದೆ, ರಸ್ತೆ ಕಡೆಯದನ್ನು ಲಾರಿಗಳು ನಿಂತ ಮೇಲೆ ಮಾತ್ರ ತೆರೆಯುವುದು. ಅಡುಗೆಮನೆಗೆ ಹೊಗೆ ಎಳೆಯುವ ಫ್ಯಾನು ಕೂರಿಸಿದ್ದೇನೆ. ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಿದೆ. ಒಣ ಪೊರಕೆ ಆಡಿಸುವುದೇ ಇಲ್ಲ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು. ಒರೆಸುವವನು ನಾನೇ ಎಂದು ನಿಮ್ಮ ಅಪ್ಪನಿಗೆ ಹೇಳಬೇಡ.

ನೀರೊಲೆಯದೇ ದೊಡ್ಡ ಯುದ್ಧವಾಯಿತು. ಹಂಡೆಯನ್ನು ಹಿತ್ತಲಿಗೆ ಸಾಗಿಸಿದ ದಿನ ಅವ್ವ ಊಟ ಬಿಟ್ಟಳು. “ನಾ ಈ ಮನಿಗಿ ಬಂದಾಗಿಂದ ಉರಿಯೋ ಒಲಿ ಅದು. ನನ್ನೂ ಹಿತ್ತಲಾಗ ಹಾಕಿಬಿಡು,” ಅಂದಳು. ನಾನು ಸುಮ್ಮನಿರಲಿಲ್ಲ. “ನಿನ್ನ ಹೆಸರೇ ಗಾಳೆಮ್ಮ, ಮನಿಯಾಗ ಮಾತ್ರ ಗಾಳಿ ಆಡಾಕ ಬಿಡಾಂಗಿಲ್ಲ ನೋಡು,” ಅಂದೆ. ಸಿಟ್ಟಿನಲ್ಲೂ ನಕ್ಕಳು. ಲೋಬಾನದ ವಿಷಯಕ್ಕೆ ಮಾತ್ರ ನಗಲಿಲ್ಲ. ಕೊನೆಗೆ ತಾನೇ ದೇವರ ಮುಂದೆ ಕೈಮುಗಿದು, “ಅವ್ವಾ ತಾಯಿ, ನಿನ್ನ ಹೊಗಿ ಅಂಗಳದಾಗ ಹಾಕ್ತೀನಿ, ಅಲ್ಲಿಂದಲೇ ತಗೋ. ನಮ್ಮ ಕೂಸು ಮನಿಗಿ ಬರಬೇಕು,” ಅಂದಳು. ಅವಳು ಸೊಸೆಯ ಮೇಲಿನ ಸಿಟ್ಟಿಗೆ ಹಟ ಮಾಡುತ್ತಾಳೆ ಎಂದು ನೀನು ಅಂದುಕೊಂಡಿದ್ದೀಯಲ್ಲ, ಅದಕ್ಕೇ ಇದನ್ನು ಬರೆದೆ.

ಇಷ್ಟೆಲ್ಲ ಆದ ಮೇಲೇ ಸಂಕ್ರಾಂತಿಗೆ ನೀವಿಬ್ಬರೂ ಬಂದಿರಿ. ನಾನು ಸಂದೂರಿನ ಗಣಿಗೂ ಅದಿರನ್ನು ರೈಲಿಗೆ ತುಂಬುವ ಇಲ್ಲಿಯ ಸೈಡಿಂಗಿಗೂ ಟಿಪ್ಪರ್ ಓಡಿಸುತ್ತಿದ್ದೆ, ಹಬ್ಬದ ದಿನವೂ ರಜೆ ಸಿಕ್ಕಿರಲಿಲ್ಲ. ನಾನು ಬರುವವರೆಗೆ ಕೂಸು ಅಂಗಳದಲ್ಲಿ ಕುಣಿದಾಡಿಕೊಂಡಿತ್ತು, ಒಂದು ಕೆಮ್ಮೂ ಇರಲಿಲ್ಲ ಎಂದು ನೀನೇ ಹೇಳಿದೆ. ಸಂಜೆ ನಾನು ಬಂದೆ, ಎತ್ತಿಕೊಂಡೆ, ನನ್ನ ತೊಡೆಯ ಮೇಲೇ ಎಳ್ಳು ಬೆಲ್ಲ ತಿಂದಳು, ಅಂಗಿಗೆ ಮುಖ ಒತ್ತಿಕೊಂಡು ನಿದ್ದೆ ಹೋದಳು. ಕತ್ತಲಾಗುವಷ್ಟರಲ್ಲಿ ಎದೆಯಲ್ಲಿ ಸುಂಯ್ ಸುಂಯ್ ಶುರುವಾಯಿತು. ಮರುದಿನ ಬಸ್ ಹತ್ತುವಾಗ ನೀನು ಹೇಳಿದ ಮಾತು ಮರೆತಿಲ್ಲ. “ಈ ಮನಿ ಗಾಳಿ ನಮ್ಮ ಕೂಸಿಗಿ ಆಗಿಬರಾದಿಲ್ಲ. ನೀವು ಇನ್ನೇನು ಮಾಡಿದ್ರೂ ಅಷ್ಟ.”

ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತೇ? ನಿನ್ನ ಮೇಲಲ್ಲ, ಮನೆಯ ಮೇಲೆ. ಇಷ್ಟು ಉಜ್ಜಿದರೂ, ಇಷ್ಟು ತೆರೆದರೂ ಇದಕ್ಕೆ ನನ್ನ ಮಗಳನ್ನು ಕಂಡರೆ ಆಗುವುದಿಲ್ಲವಲ್ಲ ಎಂದು ಗೋಡೆಗೆ ಒದ್ದೆ. ಕಾಲು ಊದಿಕೊಂಡಿತ್ತು. ಕ್ಲಚ್ ತುಳಿಯುವಾಗೆಲ್ಲ ಗೋಡೆಯೇ ಗೆದ್ದ ಹಾಗಾಗುತ್ತಿತ್ತು.

ಭಾನುವಾರ ನಾನು ಕಂಪ್ಲಿಗೆ ಬಂದು ಹೋದ ಮೇಲೂ ಕೂಸು ಕೆಮ್ಮುತ್ತದೆ ಎಂದು ನೀನು ಹೇಳುತ್ತಿದ್ದೆ. ನಿಮ್ಮ ಅಪ್ಪ ಅದಕ್ಕೆ, “ಅಪ್ಪ ಎದ್ದು ಹೊಂಟ್ರ ಕೂಸಿಗಿ ಅಳು ಬರ್ತತಿ, ಅಳು ಬಂದ್ರ ಕೆಮ್ಮು ಬರ್ತತಿ. ಭಾಳ ಹಚ್ಚಿಕೊಂಡಾಳ,” ಅನ್ನುತ್ತಿದ್ದರು. ಮಾವನ ಬಾಯಿಂದ ಅಷ್ಟು ಒಳ್ಳೆಯ ಮಾತು ನನಗೆ ಅಪರೂಪ, ನಾನೂ ನಂಬಿಕೊಂಡು ಒಳಗೊಳಗೇ ಉಬ್ಬಿದ್ದೆ. ಈಚೆಗಂತೂ ನನ್ನ ಬೈಕಿನ ಸದ್ದು ಕೇಳಿದ ಕೂಡಲೇ ಅವಳು ಕೆನ್ನೆ ಎರಡೂ ಉಬ್ಬಿಸಿಕೊಂಡು ಓಡಿಬಂದು, ಒಮ್ಮೆ ಗಟ್ಟಿಯಾಗಿ ಅಪ್ಪಿಕೊಂಡು, ಮತ್ತೆ ಬಾಗಿಲಿಗೆ ಓಡಿಹೋಗಿ ಫುಸ್ ಎಂದು ಬಿಡುತ್ತಾಳಲ್ಲ, ಮಾವನವರು ‘ನಮ್ಮ ಬಾತುಕೋಳಿ’ ಎಂದು ನಗುತ್ತಾರಲ್ಲ, ವಾರವಿಡೀ ಆ ಮುಖ ನೆನೆದುಕೊಂಡೇ ನಾನು ಘಾಟಿ ಇಳಿಯುವುದು.

ಈಗ ಹೊಸ ಸುದ್ದಿ. ಸೋಮವಾರ ಅವ್ವ ನನ್ನ ಇಟ್ಟಿಗೆ ಬಣ್ಣದ ಅಂಗಿ ಒಗೆಯಲು ಹಾಕಿದಳು. ದೀಪಾವಳಿಗೆ ಹೊಸಪೇಟೆಯಲ್ಲಿ ನೀನೇ ಆರಿಸಿದ್ದು, “ಧೂಳು ಬಿದ್ರೂ ಕಾಣಾದಿಲ್ಲ, ತಗೋರಿ” ಅಂದಿದ್ದೆ. ನಿನಗೆ ಗೊತ್ತಲ್ಲ, ನಮ್ಮ ಡ್ರೈವರ್‌ಗಳೆಲ್ಲ ಸೀಟಿನ ಹಿಂದಿನ ಕೊಕ್ಕೆಗೆ ಒಂದು ಒಳ್ಳೆ ಅಂಗಿ ತೂಗುಹಾಕಿರುತ್ತಾರೆ. ಮದುವೆಯೋ ಮಣ್ಣೋ, ಯಾವಾಗ ಎಲ್ಲಿಗೆ ಹೋಗಬೇಕಾಗುತ್ತದೋ ಹೇಳಲಾಗುವುದಿಲ್ಲ. ನಾನೂ ಹಾಗೇ. ಭಾನುವಾರ ಗಾಡಿ ನಿಲ್ಲಿಸಿದ ಕೂಡಲೇ ಸೋಪು ಹಚ್ಚಿ ಕೈಕಾಲು ಮುಖ ತೊಳೆದು, ಕೊಕ್ಕೆಯ ಅಂಗಿ ಹಾಕಿಕೊಂಡು, ಬೈಕ್ ಹತ್ತಿ ಸೀದಾ ಕಂಪ್ಲಿಗೆ. ಒಂದೇ ದಿನ ಮೈಮೇಲೆ ಹಾಕುವುದು, ಬೆವರಿಲ್ಲ, ಕಲೆಯಿಲ್ಲ, ಮತ್ತೆ ಕೊಕ್ಕೆಗೆ. ಒಗೆಯಬೇಕು ಎಂದು ಹೊಳೆದೇ ಇರಲಿಲ್ಲ.

ಅವ್ವ ಬಕೀಟು ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು. “ಇದು ಒಳ್ಳೆ ಅಂಗಿ ಅಂದ್ಯಲ್ಲಲೇ? ಮೂರ್ನಾಕು ನೀರು ತೆಗೆದೆ, ಇನ್ನೂ ನೋಡು ಹೆಂಗ ಬರಾಕತ್ತೈತಿ.” ನೀರು ಕೆಂಪಗೆ ಗಟ್ಟಿಯಾಗಿತ್ತು. ಬಣ್ಣ ಬಿಡುತ್ತಿರಬೇಕು ಎಂದೆ. ಅವ್ವ ತಳದಿಂದ ಒಂದು ಚಿಟಿಕೆ ಎತ್ತಿ ನನ್ನ ಅಂಗೈಗೆ ಉಜ್ಜಿದಳು. ಬಣ್ಣವಲ್ಲ, ಪುಡಿ. ದಿನಾ ನಾನು ಹೊರುವ ಅದಿರೇ. ಸಂಕ್ರಾಂತಿಯ ಸಂಜೆ ನನ್ನ ಮೈಮೇಲೆ ಇದ್ದದ್ದು ಇದೇ ಅಂಗಿ. ಅವ್ವ ಅಲ್ಲೇ ಕುಕ್ಕರುಗಾಲಲ್ಲಿ ಕೂತು, “ಮನಿಯಾಗ ಏನೂ ಇಲ್ಲೋ ಪಂಪಾ. ಮನಿ ನೀಟೈತಿ,” ಅಂದಳು.

ಆವತ್ತಿನಿಂದ ಹೀಗೆಯೇ ಇದ್ದೇನೆ ಹೇಮಾ, ಒಳಗೆ ಹೊರಗೆ ತಿರುಗಾಡಿಕೊಂಡು. ಮನೆಯನ್ನಾದರೆ ಉಜ್ಜಬಹುದು, ಒಲೆಯನ್ನು ಹಿತ್ತಲಿಗೆ ಎತ್ತಿಡಬಹುದು, ನನ್ನನ್ನು ಎಲ್ಲಿ ಇಡಲಿ? ಸದ್ಯಕ್ಕೆ ಕೆಲಸದ ಬಟ್ಟೆ ಸೈಡಿಂಗಿನಲ್ಲೇ ಬಿಡುತ್ತಿದ್ದೇನೆ. ಹಿತ್ತಲಲ್ಲಿ ತಲೆಯಿಂದ ಸ್ನಾನ ಮಾಡಿದ ಮೇಲೆಯೇ ಹೊಸ್ತಿಲು ದಾಟುವುದು. ಹಂಡೆ ಅಲ್ಲಿಗೆ ಹೋದದ್ದು ಈಗ ಅನುಕೂಲವೇ ಆಯಿತು, ಅವ್ವನೇ ಬಿಸಿನೀರು ಕಾಯಿಸಿ ಇಟ್ಟಿರುತ್ತಾಳೆ. ಸೂಪರ್‌ವೈಸರ್ ಸುಂಕಪ್ಪನವರನ್ನೂ ಕೇಳಿದೆ, ಅದಿರಿನ ಗಾಡಿ ಬಿಟ್ಟು ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಕೊಡಿ ಎಂದು. “ಡ್ರೈವರ್ ಕೆಲಸ ಬಿಟ್ಟು ಮಾಲಿ ಕೆಲಸ ಮಾಡ್ತೀಯೇನೋ?” ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ, “ಜಾಗ ಖಾಲಿ ಆದ್ರ ನೋಡಾಣ ಬಿಡು,” ಅಂದರು. ಅವರದೂ ‘ನೋಡೋಣ’ವೇ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಈಗಲೇ ಕಂಪ್ಲಿ ಶಾಲೆಗೆ ಹೆಸರು ಹಚ್ಚಬೇಡ. ಯುಗಾದಿಗೆ ಅವಳನ್ನು ಕರೆದುಕೊಂಡು ಬಾ. ನಾನು ಒಗೆದ ಬಟ್ಟೆಯಲ್ಲಿ, ತೊಳೆದ ಮೈಯಲ್ಲಿ ಇರುತ್ತೇನೆ. ನೀನೇ ನೋಡು, ನೀನೇ ಹೇಳು. ಅಷ್ಟಾದರೂ ಅವಳ ಎದೆ ಸುಂಯ್ ಅಂದರೆ ನಾನು ಒಂದು ಮಾತೂ ಆಡುವುದಿಲ್ಲ, ನಾನೇ ಬಂದು ಕಂಪ್ಲಿ ಶಾಲೆಗೆ ಸೇರಿಸುತ್ತೇನೆ. ಈ ಮನೆಯಲ್ಲಿ ಗಾಳಿ ಈಗ ಬಹಳ ಚೆನ್ನಾಗಿದೆ ಹೇಮಾ. ಉಸಿರಾಡುವವಳೇ ಇಲ್ಲ.

ಮಾವನವರಿಗೆ ನನ್ನ ನಮಸ್ಕಾರ. ಅಂಜಲಿಗೆ ಅಜ್ಜಿಯ ಆಶೀರ್ವಾದ, ನನ್ನ ಮುತ್ತು. ದೇವರು ಪಂಪಾಪತಿ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಅವಳಿಗೆ ಉಬ್ಬಸದ ಔಷಧಿಯ ಪಂಪ್ ಮರೆಯದೆ ಎಳೆಸು, ಅತ್ತರೂ ಬಿಡಬೇಡ.

ನಿನ್ನ,
ಪಂಪೇಶ್

ತಾ.ಕ.: ಒಂದು ವಿಷಯ ಬರೆಯಬಾರದೆಂದು ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದಿದ್ದೇನೆ. ನಿನ್ನೆ ಫೋನ್ ಮಾಡಿದಾಗ ನೀನು ಟೈಲರ್ ಹತ್ತಿರ ಹೋಗಿದ್ದೆ, ಅಂಜಲಿಯೇ ಎತ್ತಿದಳು. ಬರುವ ಭಾನುವಾರ ಆ ಕೆಂಪು ಅಂಗಿ ಹಾಕಿಕೊಂಡು ಬರುವುದಿಲ್ಲ ಕಂದಾ, ಅದರಲ್ಲಿ ಧೂಳಿತ್ತು, ಬೇರೆ ಅಂಗಿ ಹಾಕಿಕೊಂಡು ಬರುತ್ತೇನೆ ಎಂದೆ. ಅದಕ್ಕೆ ಅವಳು ಕೇಳಿದಳು: “ಹಂಗಾದ್ರ ನಾ ಉಸುರು ಹಿಡೀಬೇಕಾ, ಬ್ಯಾಡಾ ಅಪ್ಪಾ?” ಯಾವ ಉಸಿರು ಎಂದೆ. “ನಿನ್ನ ಹತ್ರ ಉಸುರು ತಗಂಡ್ರ ನಂಗ ಕೆಮ್ಮು ಬರ್ತತಿ. ಕೆಮ್ಮು ಬಂದ್ರ ಅವ್ವ ನಿನ್ನ ಮ್ಯಾಲ ಸಿಟ್ಟಾಕ್ಕಾಳ. ಅದಕ ಬಾಯಿ ತುಂಬ ಗಾಳಿ ಹಿಡ್ಕಂಡು ಬರ್ತೀನಿ. ಅವ್ವಗ ಹೇಳಬ್ಯಾಡ.” ಸಂಕ್ರಾಂತಿಯಿಂದ ಅವಳಿಗೆ ಗೊತ್ತಿತ್ತು ಹೇಮಾ. ಗೊತ್ತಿದ್ದೂ ಓಡಿಬರುತ್ತಿದ್ದಳು. ನಾವೆಲ್ಲ ಬಾತುಕೋಳಿ ಎಂದು ನಗುತ್ತಿದ್ದೆವು. ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ, ನಿನಗೆ ಹೇಳಿಬಿಟ್ಟೆ, ಅವಳಿಗೆ ಗೊತ್ತಾಗದಿರಲಿ. ಈ ಭಾನುವಾರ ಬಸ್ಸಿಗೆ ಬರುತ್ತೇನೆ, ಟ್ರಂಕಿನಲ್ಲಿಟ್ಟಿದ್ದ ಮದುವೆಯ ಅಂಗಿ ಹಾಕಿಕೊಂಡು. ಅವಳು ಓಡಿಬರುವಾಗ ಮೊದಲು ಕೆನ್ನೆ ನೋಡುತ್ತೇನೆ. ಉಬ್ಬಿದ್ದರೆ ನಾನೇ ಹಿಂದೆ ಸರಿಯುತ್ತೇನೆ. ‘ಕೂಸು ಬಂದ್ರ ಯಾಕ್ರೀ ಹಿಂದ ಹೋಗ್ತೀರಿ’ ಎಂದು ಎಲ್ಲರ ಮುಂದೆ ಕೇಳಬೇಡ.